ಬಿಕ್ಕಳಿಕೆಯಲ್ಲ, ನಡುಕ

ಮನೆಯಿಂದ,
ಜೂನ್ ೧೪, ಭಾನುವಾರ

ನನ್ನ ಮುದ್ದು ಮಗನಿಗೆ,

ಹೇಗಿದ್ದೀಯಪ್ಪ? ಕೆಮ್ಮು ಕಡಿಮೆಯಾಯಿತೇ? ಹಡಗಿನ ಎಂಜಿನ್ ಕೋಣೆಯಲ್ಲಿ ಬೆವರಿ, ಹಾಗೇ ಮೇಲೆ ಬಂದು ಗಾಳಿಗೆ ಎದೆಯೊಡ್ಡಿ ನಿಲ್ಲಬೇಡ. ನಾನು ಗುಂಡುಕಲ್ಲಿನ ಹಾಗಿದ್ದೇನೆ. ನಿನ್ನ ಹೆಂಡತಿಯೂ ಚೆನ್ನಾಗಿದ್ದಾಳೆ, ಊಟಕ್ಕೆ ನಾಲ್ಕು ಸಲ ಕೂಗಿಸಿಕೊಳ್ಳುವ ಚಾಳಿಯೊಂದು ಬಿಟ್ಟರೆ. ಫೋನಿನಲ್ಲಾದರೆ ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ಹಡಗಿನ ಕೆಲಸ ಇನ್ನೊಂದು ವರ್ಷವಿದೆ, ತಿಂಗಳ ಕೊನೆಗೆ ನಮ್ಮ ಗಾಡಿ ರಿಪೇರಿ ಶೆಡ್ಡನ್ನು ಸೋದರಮಾವನಿಗೆ ಬಿಟ್ಟುಕೊಡಿ ಎಂದು ನೀನು ಫೋನಿನಲ್ಲಿ ಹೇಳಿದಾಗಿನಿಂದ ಅವಳ ಮುಖ ನೋಡಲಾಗುತ್ತಿರಲಿಲ್ಲ. "ಸಣ್ಣಪುಟ್ಟ ಸರ್ವಿಸ್ ಮಾಡ್ತಾಳೆ, ಗೇರ್‌ಬಾಕ್ಸ್ ಅವಳ ಕೈಲಾಗಲ್ಲ" ಅಂದೆಯಲ್ಲ, ಅವಳು ನನ್ನ ಪಕ್ಕದಲ್ಲೇ ನಿಂತಿದ್ದಳು ಕಣೋ. ಅದಕ್ಕೆ ಹೂಂ ಅಂದವಳು ನಾನೇ, ಸುಳ್ಳೇಕೆ ಹೇಳಲಿ.

ಕಳೆದ ವಾರ ಗಿಡದ ನರ್ಸರಿಯವನು ತನ್ನ ಪಿಕಪ್ ತಂದ. ಅದೇ, ಗೇರ್ ತಾನೇ ಬದಲಾಗುವ ಗಾಡಿ. "ಅಕ್ಕಾ, ಬಿಕ್ಕಳಿಕೆ ಬಂದ ಹಾಗೆ ಆಡ್ತಿದೆ. ಎಲ್ಲೆಲ್ಲೋ ತೋರಿಸಿ ಪ್ಲಗ್ ಬದಲಾಯಿಸಿದ್ದಾಯ್ತು, ಕಾಯಿಲ್ ಬದಲಾಯಿಸಿದ್ದಾಯ್ತು. ಈಗ ಹೊಸ ಗೇರ್‌ಬಾಕ್ಸೇ ಹಾಕ್ಸು ಅಂತಾರೆ. ಮಾರಿಬಿಡೋದೇ ವಾಸಿ" ಎಂದ. ಶೆಡ್ಡಿನಲ್ಲಿ ಟೈರು ಪೇರಿಸುವುದಕ್ಕೆ ಅಳತೆ ತೆಗೆಯಲು ಬಂದಿದ್ದ ನನ್ನ ತಮ್ಮ, ನಿನ್ನ ಸೋದರಮಾವ, "ಮಾರಿಬಿಡಪ್ಪ" ಎಂದು ತಾಳ ಹಾಕಿದ. ಇವಳು ಮಾತ್ರ "ಬಿಕ್ಕತ್ತೋ, ನಡುಗತ್ತೋ?" ಎಂದು ಕೇಳಿದಳು. ಎರಡೂ ಒಂದೇ ಅಲ್ಲವೇ ಎಂದು ನರ್ಸರಿಯವನು. ಅಲ್ಲ ಎಂದು ಇವಳು. ಆಮೇಲೆ ನನ್ನ ಕಡೆ ತಿರುಗಿ, "ಅತ್ತೆ, ಹತ್ತಿ. ನಿಮ್ಮ ಸೊಂಟಕ್ಕಿಂತ ಒಳ್ಳೆ ಮೀಟರ್ ನನ್ನ ಹತ್ರ ಇಲ್ಲ" ಎಂದಳು. ಮಾತು ನೋಡು ಅವಳದು!

ಊರೊಳಗೆ ಗಾಡಿ ಸಾಧುವಾಗಿತ್ತು. ನೇರ ರಸ್ತೆಯಲ್ಲಿ, ಆಕ್ಸಿಲರೇಟರ್ ಮೇಲೆ ಹಗುರಾಗಿ ಕಾಲಿಟ್ಟು ಒಂದೇ ವೇಗದಲ್ಲಿ ಓಡಿಸುವಾಗ ಶುರುವಾಯಿತಪ್ಪ, ನನ್ನ ಹಲ್ಲಿನ ಸೆಟ್ಟು ಕಟಕಟ ಎಂದಿತು. ಅವಳು ಬಲಗಾಲು ಕದಲಿಸದೆ ಎಡಗಾಲಿನಿಂದ ಬ್ರೇಕನ್ನು ಮುಟ್ಟಿಯೂ ಮುಟ್ಟದ ಹಾಗೆ ಒತ್ತಿದಳು. ಹಲ್ಲು ಗಪ್‌ಚಿಪ್. ಕಾಲು ತೆಗೆದಳು, ಮತ್ತೆ ಕಟಕಟ. "ಬಿಕ್ಕಳಿಕೆ ಆಗಿದ್ರೆ ತಡೆದು ತಡೆದು ಬರ್ತಿತ್ತು ಅತ್ತೆ, ಅದು ಎಂಜಿನ್ನಿನದು. ಇದು ಒಂದೇ ಸಮ ನಡುಕ. ಬ್ರೇಕ್ ಮುಟ್ಟಿದ್ರೆ ಗೇರ್‌ಬಾಕ್ಸಿಗೆ ಸೇರಿದ ಒಂದು ಕ್ಲಚ್ ಹಿಡಿತ ಬಿಡುತ್ತೆ, ನಡುಕ ನಿಲ್ಲುತ್ತೆ. ಆ ಹಿಡಿತವೇ ಜಾರ್ತಿದೆ. ಮೊದಲು ಗೇರ್‌ಬಾಕ್ಸಿನ ಎಣ್ಣೆ ನೋಡ್ತೀನಿ" ಎಂದಳು. ನನಗೆ ಅರ್ಧ ಅರ್ಥವಾಯಿತು, ಹೆಮ್ಮೆ ಮಾತ್ರ ಪೂರ್ತಿಯಾಯಿತು.

ಒಳಗಿದ್ದ ಎಣ್ಣೆ ಆ ಗಾಡಿಗೆ ಹೊಂದುವುದೇ ಆಗಿರಲಿಲ್ಲ. ಅದನ್ನು ಇಳಿಸಿ, ಗಾಡಿಯ ಪುಸ್ತಕ ಹೇಳುವ ಎಣ್ಣೆಯನ್ನೇ ತರಿಸಿ ತುಂಬಿದಳು. ಹಳೆಯದು ಮೂಲೆಮೂಲೆಯಲ್ಲಿ ಉಳಿದಿರುತ್ತದಂತೆ. ಸ್ವಲ್ಪ ಓಡಿಸಿ, ಮತ್ತೆ ಇಳಿಸಿ, ಮತ್ತೆ ತುಂಬಿದಳು. ಕೊನೆಗೆ ಅದೇ ರಸ್ತೆಗೆ ನರ್ಸರಿಯವನನ್ನೂ ಕೂರಿಸಿಕೊಂಡು ಹೋದೆವು. ನನ್ನ ಬಾಯಿಂದ ಒಂದು ಸದ್ದಿಲ್ಲ. ಅವನು ಇಳಿದವನೇ ಮಾರುವ ಮಾತೆತ್ತದೆ, ನಾಳೆ ಗಿಡ ಎಲ್ಲೆಲ್ಲಿಗೆ ಸಾಗಿಸಬೇಕು ಎಂದು ಫೋನು ಹಚ್ಚಿದ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ಇವಳ ಕಾಲ ಬಂದದ್ದು ನನಗೆ ಬಲು ಸಂತೋಷ ಕಣೋ.

ಹೊತ್ತಿಗೆ ಸರಿಯಾಗಿ ಉಣ್ಣು. ನೂರು ಕಾಲ ಸುಖವಾಗಿ ಬಾಳು.

ನಿನ್ನ ಅಮ್ಮ

ತಾ.ಕ.: ಹೋದ ಸಲ ರಜೆಗೆ ಬಂದಾಗ ಆ ಗಾಡಿಯ ಗೇರ್‌ಬಾಕ್ಸಿಗೆ ಎಣ್ಣೆ ಹಾಕಿದವನು ನೀನೇ. ನರ್ಸರಿಯವನು ಕಾರಣ ಕೇಳಿದರೆ ಇವಳು "ಎಣ್ಣೆ ಕೆಟ್ಟಿತ್ತು" ಎಂದಷ್ಟೇ ಹೇಳಿ ನಿನ್ನ ಮಾನ ಉಳಿಸಿದಳು, ನನಗೂ ಬಾಯಿ ಬಿಡಬೇಡಿ ಎಂದಳು. ಶೆಡ್ ಕೊಡುವುದಿಲ್ಲವೆಂದು ನನ್ನ ತಮ್ಮನಿಗೆ ಹೇಳಿಯಾಯಿತು. ಮುಂದಿನ ರಜೆಗೆ ಬಾ, ಅವಳ ಕೈಕೆಳಗೆ ನಿನಗೂ ಒಂದು ಕೆಲಸ ಕೊಡಿಸುತ್ತೇನೆ.