ಮಿನುಗುವ ತಟ್ಟೆಯ ಕರಿ ಮಚ್ಚೆ

ಕೊಪ್ಪದಿಂದ,
ಮಗಳು ಗಗನಳಿಗೆ ನಿನ್ನ ಅಪ್ಪನ ನೂರು ಆಶೀರ್ವಾದ, ಸಾವಿರ ಚಿಂತೆ.

ಬೆಳಗಿನ ಜಾವ ಕೆಟ್ಟ ಕನಸು ಬಿತ್ತು ಕಣವ್ವ. ನಿನ್ನ ಯಂತ್ರದ ಧಾರೆ ನಮ್ಮ ಕಬ್ಬಿನ ಗದ್ದೆಗೆ ನುಗ್ಗಿ ಗರಿಗರಿಯೂ ಮಿನುಗುತ್ತಿತ್ತು. ನಡುವೆ ಒಂದು ಕರಿ ಗುಂಡಿ. ಬಗ್ಗಿ ನೋಡಿದರೆ ಒಳಗೆ ನಿಮ್ಮಜ್ಜಿ ಎಲೆ ಅಡಿಕೆ ಮೆಲ್ಲುತ್ತ ಕೂತಿದ್ದಳು!

ನಿನ್ನೆ ನೀನು ಫೋನಿನಲ್ಲಿ ಅತ್ತದ್ದೇ ಇದಕ್ಕೆ ಮೂಲ. ನಾನು ಏಳನೇ ಕ್ಲಾಸು ಅರ್ಧಕ್ಕೆ ಬಿಟ್ಟವನು. ಆದರೂ ಇಷ್ಟು ತಿಳಿಯಿತು. ಹುಟ್ಟಿದ ಗಳಿಗೆಯಲ್ಲೇ ಸಾಯುವ ವಿಕಿರಣದ ಕಣಗಳು ಧಾರೆಯಾಗಿ ಬರುತ್ತವೆ. ಕಣ್ಣಿಗೆ ಕಾಣುವುದಿಲ್ಲ. ಕೊಳವೆಯೊಳಗಿನ ತಟ್ಟೆಗೆ ಬಡಿದರೆ ತಟ್ಟೆ ಮಿನುಗುತ್ತದೆ, ಕೊಳವೆಗಿರುವ ಪುಟ್ಟ ಕಿಟಕಿಯ ಗಾಜಿನಾಚೆಯಿಂದ ಕ್ಯಾಮೆರಾ ಅದರ ಚಿತ್ರ ಹಿಡಿಯುತ್ತದೆ. ಈಗ ಆ ಚಿತ್ರದ ನಡುವೆ ಮಸುಕು ಮಸುಕಾಗಿ ಕರಿ ಮಚ್ಚೆ. ತಟ್ಟೆ ಸುಟ್ಟಿದೆ ಎಂದು ಸೋಮವಾರ ಕೊಳವೆ ಬಿಚ್ಚುತ್ತೀರಂತೆ. ಬಿಚ್ಚಿದರೆ ಗಾಳಿಯೇ ಇರಬಾರದ ಕೊಳವೆಗೆ ಗಾಳಿ ನುಗ್ಗಿ, ಅದನ್ನು ಮತ್ತೆ ಹೊರಗೆ ಹೀರುವಷ್ಟರಲ್ಲಿ ನೀನು ವರ್ಷಗಟ್ಟಲೆ ಕಾದು ಪಡೆದ ಯಂತ್ರದ ಸರದಿ ಮಣ್ಣುಪಾಲು.

ಬಿಚ್ಚಬೇಡ, ತಡೆ.

ಇವತ್ತು ಡೈರಿಗೆ ಹಾಲು ಹಾಕಲು ಹೋದಾಗ ನಿಮ್ಮಜ್ಜಿ ಪಕ್ಕದ ಮನೆ ಪಟ್ಟಲಮ್ಮನ ಮುಂದೆ ಜಂಬ ಕೊಚ್ಚುತ್ತಿದ್ದಳು: “ಮೊನ್ನೆ ಮೊಮ್ಮಗಳ ಮಿಸಿನ್ನು ನೋಡಕ್ಕೋಗಿದ್ನಲ್ಲ, ಏನ್ ಜನ ಅಂತೀಯ! ಎಲ್ರೂ ಅದ್ನೇ ಕಣ್ ಬುಟ್ಕಂಡ್ ನೋಡೋರು. ದಿಷ್ಟಿ ಆಗ್ದೆ ಇದ್ದದಾ? ಯಾರ್ಗೂ ಕಾಣ್ದಂಗೆ ಗಾಜಿಗೊಂದು ಕಾಡಿಗೆ ಬೊಟ್ಟಿಟ್ಟೆ ಕಣಮ್ಮ.”

ನನ್ನ ಕೈಲಿದ್ದ ಕ್ಯಾನು ಜಾರಿತು. “ಏನವ್ವ ನೀನು! ಅದೇನ್ ತೊಟ್ಲು ಕೂಸಾ?” ಅಂದೆ.

“ಕೂಸ್ಗಿಂತ ಎಚ್ಚು. ಬೊಟ್ಟಿಟ್ಟಿದ್ಕೇ ಬರೀ ಮಚ್ಚೇಲಿ ಓಯ್ತು, ಸುಮ್ಕಿರ್ಲಾ,” ಅಂದಳು.

ಫೋನು ಮಾಡೋಣವೆಂದರೆ ಅವಳು ಪಕ್ಕದಲ್ಲೇ ಕಿವಿ ನೆಟ್ಟು ಕೂತಿರುತ್ತಾಳೆ. ಚಾಡಿ ಹೇಳಿದೆನೆಂದು ಗೊತ್ತಾದರೆ ಊಟ ಬಿಡುತ್ತಾಳೆ. ಅದಕ್ಕೇ ಕೊಟ್ಟಿಗೆಯಲ್ಲಿ ಕೂತು ಬರೆದು, ಫೋಟೊ ತೆಗೆದು ಕಳಿಸುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಎಮ್ಮೆ ಬಾಲ ಬೀಸಿದ್ದೆಂದು ತಿಳಿ.

ಮೊದಲು ಒದ್ದೆ ಬಟ್ಟೆಯಲ್ಲಿ ಆ ಗಾಜಿನ ಹೊರಮೈ ಒರೆಸವ್ವ. ಯಾರಿಟ್ಟರೆಂದು ನಿನ್ನ ಸಾಹೇಬರಿಗೆ ಹೇಳಬೇಡ. ಮುಂದಿನ ಸಲ ನಮ್ಮನ್ನು ಗೇಟಿನಲ್ಲೇ ನಿಲ್ಲಿಸಿಯಾರು. ಒರೆಸಿದ ಮೇಲೆ, ನನಗೂ ಯಾಕೋ ಒಂದು ಅಳುಕು, ಕ್ಯಾಮೆರಾಕ್ಕೆ ಕಾಣದ ಕಡೆ, ಸ್ಟ್ಯಾಂಡಿನ ಕಾಲಿಗೆ, ಸಣ್ಣದೊಂದು ಬೊಟ್ಟು ನೀನೇ ಇಟ್ಟುಬಿಡು.

ನಿನ್ನ ಧಾರೆ ನೆಟ್ಟಗೆ ಬರಲಿ, ನೀನು ತಣ್ಣಗಿರು.

ಇಂತಿ, ನಿನ್ನ ಕೆಲಸ ಕೈಗೂಡುವವರೆಗೆ ನಿದ್ದೆ ಬಾರದ ಅಪ್ಪ,
ಹೊನ್ನಯ್ಯ

ಹೇಳುವುದು ಮರೆತೆ: ಒಂದೇ ಬೊಟ್ಟು ಅನ್ನುತ್ತಾಳೆ, ಆದರೆ ಅವಳ ಕಾಡಿಗೆ ಡಬ್ಬಿ ಪೂರ್ತಿ ಖಾಲಿಯಾಗಿದೆ. ಗಾಜಿನ ಜೊತೆಗೆ ಕ್ಯಾಮೆರಾದ ಮೂತಿಯನ್ನೂ ಒಂದು ಸಲ ನೋಡವ್ವ.