ನಿನ್ನ ಭಾವ ಗುಣವಾದರು

ಮಾತ್ಸುಯೆ
ನವೆಂಬರ್ ೧೮

ಪ್ರೀತಿಯ ತಂಗಿ ಮಿನೆಕೊ,

ನಿನ್ನ ಎರಡು ಪತ್ರಕ್ಕೂ ಉತ್ತರ ಬರೆಯಲಿಲ್ಲ. ಬೈದುಕೋ, ಪರವಾಗಿಲ್ಲ. ನೀನು ಕಳಿಸಿದ ಒಣ ಪರ್ಸಿಮನ್ ಹಣ್ಣು ತಲುಪಿತು. ನಿನ್ನ ಭಾವನಿಗೆ ಆಸ್ಪತ್ರೆಯವರು ಬೇಡವೆಂದರು, ನಾನೇ ತಿಂದು ಮುಗಿಸಿದೆ.

ಅವರಿಗೆ ಬೇಸಿಗೆಯಿಂದ ಬಿಡದ ಜ್ವರ, ಆಮೇಲೆ ಮರೆವು. ಸರೋವರದಲ್ಲಿ ಕಪ್ಪೆಚಿಪ್ಪು ಬಾಚಲು ಹೋದವರು ದೋಣಿಯನ್ನು ಬೇರೆ ಯಾರದೋ ಗೂಟಕ್ಕೆ ಕಟ್ಟಿ ಬಂದರು. ಅವರ ತಮ್ಮ ರೊಕುರೊ, "ಅಣ್ಣನಿಗೆ ಅರಳುಮರಳು ಅತ್ತಿಗೆ. ಸುಮ್ನೆ ಯಾಕೆ ಆಸ್ಪತ್ರೆ ಸುತ್ತಿಸ್ತೀರಾ?" ಎಂದ. ತಲೆಯ ಸ್ಕ್ಯಾನ್‌ನಲ್ಲಿ ಸಣ್ಣ ಸಣ್ಣ ಪಾರ್ಶ್ವವಾಯುವಿನ ಗುರುತು ಕಂಡಿತು. ಜ್ವರಕ್ಕೆ ಕಾರಣ ಮಾತ್ರ ಯಾರಿಗೂ ಸಿಗಲಿಲ್ಲ.

ಕೊನೆಗೆ ರಕ್ತರೋಗದ ಡಾಕ್ಟರ್ ಹೊರಿಬೆ ಬಂದರು, ಇನ್ನೂ ಚಿಕ್ಕ ವಯಸ್ಸಿನ ಹೆಂಗಸು. ಹೊಟ್ಟೆ, ತೊಡೆಗಳಿಂದ ಒಂದೊಂದು ಚೂರು ಚರ್ಮ ತೆಗೆಯಬೇಕು ಎಂದರು. ಅಲ್ಲಿ ಗಾಯವಿಲ್ಲ, ಕಲೆಯೂ ಇಲ್ಲ.

"ಕೆಟ್ಟಿರೋದು ತಲೆ, ಕೊಯ್ಯೋದು ತೊಡೆನಾ?" ಎಂದು ಇವರು ನಕ್ಕರು. ಸೂಜಿ ಕಂಡರೆ ಹಾರಾಡುವ ಮನುಷ್ಯ ನಕ್ಕದ್ದು ನೋಡಿ ನನಗೆ ಇನ್ನಷ್ಟು ಗಾಬರಿಯಾಯಿತು.

"ಈ ಕಾಯಿಲೆ ಗಂಟಾಗಿ ಎಲ್ಲೂ ಕಾಣ್ಸಲ್ಲ ತೊಕುಜಿಯವರೇ. ಸಣ್ಣ ಸಣ್ಣ ರಕ್ತನಾಳದೊಳಗೆ ಅಡಗಿರುತ್ತೆ. ಮಿದುಳು ಕೊಯ್ಯೋದಕ್ಕಿಂತ ತೊಡೆ ವಾಸಿ ಅಲ್ವಾ?" ಎಂದರು ಆಕೆ.

ಅಲ್ಲೇ ಸಿಕ್ಕಿತು. ಬಿಳಿ ರಕ್ತಕಣದ ಕ್ಯಾನ್ಸರ್, ಬಹಳ ಅಪರೂಪದ್ದಂತೆ. ಮಿದುಳಿನ ನಾಳಗಳನ್ನೂ ಮುಚ್ಚುತ್ತಿತ್ತು. ತಡಮಾಡಿದರೆ ಜೀವ ಉಳಿಯುವುದಿಲ್ಲ, ಉಳಿದರೂ ತಲೆ ಸರಿಹೋಗುವ ಭರವಸೆ ಕೊಡಲಾಗದು ಎಂದರು. ನಾನು ಒಂದೇ ಮಾತು ಕೇಳಿದೆ: "ಮೊದಲಿನ ಹಾಗೆ ಮಾಡಿಕೊಡ್ತೀರಾ?"

ಕೈಗೆ ಔಷಧಿಯ ಡ್ರಿಪ್, ಬೆನ್ನುಹುರಿಗೂ ಸೂಜಿ. ಕೂದಲು ಉದುರಿತು, ಬಾಯೆಲ್ಲ ಹುಣ್ಣಾಗಿ ಗಂಜಿಯೂ ಇಳಿಯಲಿಲ್ಲ. ನಿನ್ನೆಯ ಸ್ಕ್ಯಾನ್‌ನಲ್ಲಿ ಹೊಸ ಕಲೆಯೊಂದೂ ಇಲ್ಲ. ಮತ್ತೆ ಬರಬಹುದು, ಎಚ್ಚರವಿರಲಿ ಎಂದಿದ್ದಾರೆ. ಸದ್ಯಕ್ಕೆ ಗೆದ್ದೆವು. ರೊಕುರೊ ಈಗ ಊರಿಗೆಲ್ಲ "ಆಸ್ಪತ್ರೆಗೆ ಸೇರಿಸಿ ಅಂದವನೇ ನಾನು" ಎಂದು ಹೇಳಿಕೊಂಡು ತಿರುಗುತ್ತಿದ್ದಾನೆ. ಅವನ ಬಾಯಿಗೆ ಬೀಗ ಹಾಕುವವರು ಯಾರು?

ಚಳಿ ಹೆಚ್ಚುತ್ತಿದೆ. ಮೊಣಕಾಲು ಬೆಚ್ಚಗಿಟ್ಟುಕೋ. ಮಕ್ಕಳೆಲ್ಲ ಸುಖವಾಗಿರಲಿ.

ನಿನ್ನ ಅಕ್ಕ,
ಶಿನೊ

ಇನ್ನೊಂದು ಮಾತು, ಯಾರಿಗೂ ಓದಿ ಹೇಳಬೇಡ. ಕಾಯಿಲೆ ಇದ್ದಷ್ಟು ದಿನ ನಿನ್ನ ಭಾವ ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದರು. ಮದುವೆಯಾದ ಮೇಲೆ ಒಮ್ಮೆಯೂ ಹಾಗೆ ಕರೆದವರಲ್ಲ. "ಶಿನೊ, ಕೈ ಎಷ್ಟು ತಣ್ಣಗಿದೆಯೇ, ಕೊಡಿಲ್ಲಿ" ಎಂದು ತಮ್ಮ ಕೈಯೊಳಗೆ ಇಟ್ಟುಕೊಳ್ಳುತ್ತಿದ್ದರು. ಇವತ್ತು ಬೆಳಿಗ್ಗೆ ಕಣ್ಣು ಬಿಟ್ಟವರೇ, "ಏಯ್, ಚಹಾ ಎಲ್ಲಿ?" ಎಂದು ಗದರಿದರು. ನೋಡಲು ಬಂದಿದ್ದ ಡಾಕ್ಟರ್ ಹೊರಿಬೆ, ತಲೆ ಸರಿಹೋಯಿತೆಂದು ಚಪ್ಪಾಳೆ ತಟ್ಟಿದರು. ನನಗೆ ಅಳು ತಡೆಯಲಾಗಲಿಲ್ಲ. ಪಾಪ, ಸಂತೋಷಕ್ಕೆ ಅಳುತ್ತಿದ್ದೇನೆ ಎಂದುಕೊಂಡು ಆಕೆ ನನ್ನ ಬೆನ್ನು ಸವರಿದರು.