ಮೈದಾನದಲ್ಲಿ ಅಪ್ಪ ಇಲ್ಲ

ಮೈದಾನದ ಸಾಮಾನು ಕೋಣೆ
ಜೂನ್ ಹನ್ನೊಂದು, ಬೆಳಿಗ್ಗೆ

ಮುದ್ದು ಮಗಳೇ,

ಮಂಡಿ ಹೇಗಿದೆ? ಹೊಲಿಗೆ ಬಿಚ್ಚಿದರಂತೆ, ನಿನ್ನನ್ನು ಮನೆಯಲ್ಲಿಟ್ಟುಕೊಂಡಿರುವ ಸೋದರತ್ತೆ ಫೋನ್ ಮಾಡಿ ಅಮ್ಮನಿಗೆ ಹೇಳಿದಳು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೊಂದ ಕಾಲು ಮೊದಲು. ಈ ವಿದ್ಯೆಯಲ್ಲಿ ನಾನು ನಿನಗಿಂತ ಹದಿನೆಂಟು ವರ್ಷ ಸೀನಿಯರ್. ನೀನು ನಗಲಿ ಎಂದು ಬರೆದೆ. ನನ್ನ ದನಿ ಕೇಳಿದೊಡನೆ ಫೋನ್ ಇಟ್ಟುಬಿಡುತ್ತೀಯಲ್ಲ, ಕಾಗದವನ್ನಾದರೂ ಕೊನೆಯವರೆಗೆ ಓದು.

ಅಮ್ಮ ಆರೋಗ್ಯವಾಗಿದ್ದಾಳೆ. ನಿನ್ನ ಹಾಕಿ ಸ್ಟಿಕ್ ಇಲ್ಲೇ ಮೂಲೆಯಲ್ಲಿದೆ. ಹಿಡಿಯ ಪಟ್ಟಿ ಸಡಿಲವಾಗಿತ್ತೆಂದು ಅಭ್ಯಾಸಬಲದಿಂದ ಹೊಸದು ಸುತ್ತಿದೆ. ಸುತ್ತಿ ಮುಗಿದ ಮೇಲೆ, ಇದನ್ನು ಹಿಡಿಯುವವರು ಯಾರು ಎಂದು ಹೊಳೆದು, ಚೆಂಡಿನ ಪೆಟ್ಟಿಗೆಯ ಮೇಲೆ ಕೂತು ಅತ್ತುಬಿಟ್ಟೆ.

ಹದಿನಾಲ್ಕು ವರ್ಷ ಕ್ಲಬ್ಬಿಗೆ ಆಡಿದವನು ನಾನು. ಕೊನೆಯ ಪಂದ್ಯದಲ್ಲಿ ನಮ್ಮ ಕೋಚ್ "ಕಾಲು ಹೇಗಿದ್ಯೋ?" ಅಂದರೆ "ಗಟ್ಟಿಯಾಗಿದೆ ಸರ್" ಎಂದು ಸುಳ್ಳು ಹೇಳಿ ಆಡಿದೆ. ಗೆದ್ದೆವು, ಮತ್ತೆಂದೂ ಓಡಲಿಲ್ಲ. ನಾನೇ ಕೋಚ್ ಆದ ಮೇಲೆ ಆ ಕಥೆಯನ್ನು ಪ್ರತಿವರ್ಷ ಹೊಸ ಹುಡುಗಿಯರಿಗೆ ಮೀಸೆ ತಿರುವಿ ಹೇಳಿದ್ದೇನೆ. ನೀನಂತೂ ತೊಟ್ಟಿಲಿನಿಂದಲೇ ಕೇಳಿದವಳು. ಸಾಲದ್ದಕ್ಕೆ ನಿನಗೊಂದು ಬೇರೆ ಕಾನೂನು: ಗೇಟು ದಾಟಿದ ಮೇಲೆ ನಾನು ಸರ್, ಅಪ್ಪ ಅಲ್ಲ. ಮಗಳೆಂದು ಪಕ್ಷಪಾತ ಮಾಡಿದ ಅನ್ನಿಸಿಕೊಳ್ಳಬಾರದೆಂದು, ಬೇರೆಯವರ ಮಕ್ಕಳಿಗೆ ತೋರಿಸಿದ ಕನಿಕರವನ್ನೂ ನಿನಗೆ ತೋರಿಸಲಿಲ್ಲ. ಎಂಟು ವರ್ಷ ನೀನು ಆ ಕಾನೂನನ್ನು ಚಾಚೂ ತಪ್ಪದೆ ಪಾಲಿಸಿದೆ.

ಇನ್ನು ಆಡುವಂತಿಲ್ಲ ಎಂದು ಡಾಕ್ಟರು ನಿನಗೆ ಹೇಳುವಾಗ ನಾನು ಬಾಗಿಲಾಚೆ ನಿಂತಿದ್ದೆ. "ನೋವು ಅಂತ ನಾನು ಯಾರಿಗೂ ಹೇಳ್ಲಿಲ್ಲ ಡಾಕ್ಟ್ರೇ, ತಪ್ಪು ನಂದೇ" ಅಂದೆ ನೀನು. ಒಳಗೆ ಬರಲು ನನಗೆ ಧೈರ್ಯ ಸಾಲಲಿಲ್ಲ. ನನಗೆ ಮೂವತ್ತೆರಡರವರೆಗಾದರೂ ಆಟ ಸಿಕ್ಕಿತ್ತು. ನಿನಗೆ ಹತ್ತೊಂಬತ್ತಕ್ಕೇ ಮುಗಿಯಿತು.

ಅತ್ತೆಯನ್ನು ಕೇಳಿದೆನೆಂದು ಹೇಳು. ಹೊತ್ತಿಗೆ ಸರಿಯಾಗಿ ಊಟ ಮಾಡು. ಎಲ್ಲಿದ್ದರೂ ನಿನಗೆ ಒಳ್ಳೆಯದಾಗಲಿ, ಕಂದ.

ನಿನ್ನ
ಅಪ್ಪ

ಮರೆತು ಕೊನೆಗೆ ಬರೆಯುತ್ತಿಲ್ಲ, ಹೆದರಿ ಕೊನೆಗಿಟ್ಟೆ. ನಿನಗೆ ನೋವಿದ್ದದ್ದು ನನಗೆ ಗೊತ್ತೇ ಇರಲಿಲ್ಲ ಎಂದು ಎಲ್ಲರ ಮುಂದೆ ಹೇಳಿಕೊಂಡು ಬಂದೆ. ಅವತ್ತು, ನಿನ್ನ ಕೊನೆಯ ಪಂದ್ಯದ ಅರ್ಧ ಆಟದ ವಿರಾಮದಲ್ಲಿ ನೀನು ಮಂಡಿ ಹಿಡಿದುಕೊಂಡು ಗೆರೆಯ ಹತ್ತಿರ ಬಂದು, ಎಂಟು ವರ್ಷದಲ್ಲಿ ಮೊದಲ ಸಲ, "ಅಪ್ಪಾ" ಅಂದೆ. ಕೇಳಿಸಿತ್ತು, ಮಗಳೇ. ಕೇಳಿಸದವನಂತೆ ಆಟಗಾರರ ಪಟ್ಟಿ ನೋಡುತ್ತ ನಿಂತೆ. ನಿನ್ನೆ ಅಮ್ಮನಿಗೆ ನಿಜ ಹೇಳಿದೆ. ಇವತ್ತು ಕ್ಲಬ್ಬಿನವರಿಗೂ ಹೇಳುತ್ತೇನೆ. ಇನ್ನು ನೀನು ನನ್ನ ಮಾನ ಕಾಯಬೇಡ.